ಗೋದಾಮು ಎಷ್ಟು ಸಲ ಖಾಲಿಯಾಗುತ್ತದೆ

ಕಾರ್ಖಾನೆಯ ನಿರ್ದೇಶಕ ಹಮ್ಮರ್‌ಸ್ಟ್ರಾಂಡ್ ತನ್ನನ್ನು ಎಲ್ಲರೂ ಏಕವಚನದಲ್ಲೇ ಮಾತಾಡಿಸಬೇಕೆಂದು ಹೇಳಿ ಐದು ವರ್ಷವಾಗಿತ್ತು. "ಯೋರಾನ್ ಅನ್ನಿ, ನೀನು ಅನ್ನಿ, ಸಾಕು" ಎಂದು ಅವನು ಊಟದ ಹಾಲ್‌ನಲ್ಲಿ ನಿಂತು ಸಾರಿದ ದಿನ ಕೆಲವು ಹೆಂಗಸರು ಕಣ್ಣೊರೆಸಿಕೊಂಡಿದ್ದರು. ಆಮೇಲೆ ಏಕವಚನವೇನೋ ಬಂತು. ಸಂಬಳ ಇದ್ದಲ್ಲೇ ಇತ್ತು.

೧೯೭೪ರ ಅಕ್ಟೋಬರ್ ಮೊದಲ ವಾರ ಅದೇ ಯೋರಾನ್ ಅದೇ ಹಾಲ್‌ನ ಗೋಡೆಯ ಮೇಲೆ ಬೆಳಕು ಬಿಟ್ಟು ಒಂದು ಅಂಕಿ ತೋರಿಸಿದ. ಹನ್ನೊಂದು. ಕಂಪನಿಯ ನೂರು ಕ್ರೋನಾ ಆಸ್ತಿಯಲ್ಲಿ ಸ್ವಂತದ್ದು ಹನ್ನೊಂದೇ ಕ್ರೋನಾ, ಮಿಕ್ಕಿದ್ದೆಲ್ಲ ಸಾಲ ಎಂದ. ಎನಾಮಲ್ ಪಾತ್ರೆಗಳು ತಯಾರಾಗಿ ಆರಾರು ತಿಂಗಳು ಗೋದಾಮಿನಲ್ಲಿ ಬಿದ್ದಿರುತ್ತವೆ ಎಂದ. ಆದ್ದರಿಂದ ಎನಾಮಲ್ ವಿಭಾಗವನ್ನು ಹೊಸ ವರ್ಷಕ್ಕೆ ಮುಚ್ಚದೆ ದಾರಿಯಿಲ್ಲ, ಕಾರ್ಮಿಕ ಸಂಘಕ್ಕೆ ಏನಾದರೂ ಹೇಳುವುದಿದ್ದರೆ ನವೆಂಬರ್ ಇಪ್ಪತ್ತೊಂದರ ಸಭೆಯಲ್ಲಿ ಹೇಳಲಿ ಎಂದ. ಮಾತಿನ ಕೊನೆಗೆ ನಕ್ಕ. ದುಃಖದ ಸುದ್ದಿಯನ್ನು ನಗುತ್ತ ಹೇಳಬೇಕೆಂದು ಅವನಿಗೆ ರಾಜಧಾನಿಯ ಯಾವುದೋ ತರಬೇತಿಯಲ್ಲಿ ಕಲಿಸಿದ್ದರು.

ಎನಾಮಲ್ ವಿಭಾಗದಲ್ಲಿ ನಲವತ್ತೊಂದು ಹೆಂಗಸರಿದ್ದರು. ಅವರಲ್ಲಿ ಸಿವ್ ಒಬ್ಬಳು. ಇಪ್ಪತ್ತೆರಡು ವರ್ಷದಿಂದ ಪಾತ್ರೆಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವಳ ಬಲಗೈಯ ಮಣಿಕಟ್ಟು ನೋವಿನಿಂದಲೇ ಹವಾಮಾನ ಹೇಳುವಷ್ಟು ಪಳಗಿತ್ತು. ಅವಳ ಗಂಡ ಬೆರ್ಟಿಲ್ ಅದೇ ಕಾರ್ಖಾನೆಯ ಗೋದಾಮಿನ ಮೇಸ್ತ್ರಿ. ಹಾಗಾಗಿ ಆ ಸಂಜೆ ಅವರ ಮನೆಯಲ್ಲಿ ಹುರಿದ ಸಾಸೇಜು, ಆಲೂಗೆಡ್ಡೆಯ ಜೊತೆಗೆ ಹನ್ನೊಂದೂ ಮೇಜಿಗೆ ಬಂತು.

"ಅಂಕಿ ಅಂದ್ರೆ ಅಂಕಿ ಕಣೇ," ಎಂದ ಬೆರ್ಟಿಲ್. "ಅದರ ಜೊತೆ ಜಗಳ ಆಡೋಕಾಗುತ್ತಾ?"

"ಅಂಕಿ ಯಾರ ಬಾಯಿಂದ ಬಂತು ಅಂತಾನೂ ನೋಡಬೇಕಲ್ಲ."

"ಲೆಕ್ಕ ತಪಾಸಣೆಯವರು ರುಜು ಹಾಕಿದಾರೆ. ಮುದ್ರೆ ಇದೆ."

"ನನ್ನ ಕೆಲಸ ಹೋಗ್ತಿದೆ, ನಿನಗೆ ಮುದ್ರೆ ಚೆನ್ನಾಗಿದೆ."

ಮೇಲಿನ ಕೋಣೆಯಲ್ಲಿ ಇರುತ್ತಿದ್ದ ಬೆರ್ಟಿಲನ ತಾಯಿ ಹಿಲ್ಡುರ್ ಊಟಕ್ಕೆ ಮಾತ್ರ ಕೆಳಗೆ ಬರುತ್ತಿದ್ದಳು. ಎಪ್ಪತ್ತೆಂಟು ವರ್ಷ. ಅವಳೂ ಒಂದು ಕಾಲಕ್ಕೆ ಅದೇ ಬಣ್ಣದ ತೊಟ್ಟಿಯ ಮುಂದೆ ನಿಂತವಳು. "ನಲವತ್ತೊಂದನೇ ಇಸವೀಲೂ ಹೀಗೇ ಹೇಳಿದ್ರು," ಎಂದಳು. "ದುಡ್ಡಿಲ್ಲ, ದುಡ್ಡಿಲ್ಲ. ಆ ವರ್ಷಾನೇ ಕಾರ್ಖಾನೆ ಹಳೇ ಯಜಮಾನ ಕೆರೆ ಪಕ್ಕ ಬೇಸಿಗೆ ಮನೆ ಕಟ್ಟಿಸಿದ."

"ಅಮ್ಮಾ, ಅದು ಹಳೇ ಕಥೆ."

"ಮನೆ ಇನ್ನೂ ಇದೆಯಲ್ಲೋ."

ಹದಿನೆಂಟರ ಮಗಳು ಮರೀಟಾ ಸಾಸೇಜನ್ನು ತಟ್ಟೆಯ ಅಂಚಿಗೆ ತಳ್ಳಿ, ಕಾಲೇಜಿನಲ್ಲಿ ತಾನು ಸೇರಿದ್ದ ಕ್ರಾಂತಿಕಾರಿ ತಂಡದ ಧಾಟಿಯಲ್ಲಿ ಹೇಳಿದಳು: "ಬಂಡವಾಳಶಾಹಿ ತನ್ನ ಗೋರಿ ತಾನೇ ತೋಡಿಕೊಳ್ಳುತ್ತೆ."

"ಅಲ್ಲೀವರೆಗೆ ನೀನು ಪಾತ್ರೆ ತೊಳಿ," ಎಂದಳು ಸಿವ್.

ಮಾರನೆಯ ಮಂಗಳವಾರ ಸಂಜೆ ಆರೂವರೆಗೆ ಸಿವ್ ಕಾರ್ಮಿಕರ ಜನಭವನಕ್ಕೆ ಹೋದಳು. ಅಲ್ಲಿ ಸಂಘದವರು ಹೊಸ ಅಧ್ಯಯನ ಬಳಗವೊಂದನ್ನು ಶುರು ಮಾಡಿದ್ದರು: ಕಂಪನಿಯ ವಾರ್ಷಿಕ ವರದಿಯನ್ನು ಓದುವುದು ಹೇಗೆ. ಏಳು ಜನ ಹೆಂಗಸರು, ಒಂದು ಕಾಫಿ ಹೂಜಿ, ಏಲಕ್ಕಿ ಹಾಕಿದ ಬನ್ನು. ಊರಿನ ಸಹಕಾರಿ ಅಂಗಡಿಯನ್ನು ಮೂವತ್ತು ವರ್ಷ ನಡೆಸಿ ನಿವೃತ್ತನಾದ ಎಲೋಫ್ ಮುಂದಾಳು. ಮುಂದಾಳು ಅಂದರೆ ಕಾಫಿ ಕಾಸುವವನು. ಬಳಗದಲ್ಲಿ ಮೇಷ್ಟರೂ ಇಲ್ಲ, ಕರಿಹಲಗೆಯೂ ಇಲ್ಲ. ಪ್ರತಿಯೊಬ್ಬರೂ ಚೀಟಿ ಎತ್ತಿ ಒಂದೊಂದು ಅನುಪಾತವನ್ನು ಮನೆಗೆ ಒಯ್ಯಬೇಕು. ಮನೆಯ ಸಾಮಾನಿನ ಮೇಲೇ ಅದನ್ನು ಪ್ರಯೋಗ ಮಾಡಿ ಮುಂದಿನ ವಾರ ಉಳಿದವರಿಗೆ ಬಿಡಿಸಿ ಹೇಳಬೇಕು. ಮನೆಯಲ್ಲಿ ಅರ್ಥವಾಗದ್ದು ಕಂಪನಿಯಲ್ಲಿ ಅರ್ಥವಾಗುವುದಿಲ್ಲ ಎನ್ನುವುದು ಎಲೋಫನ ನಂಬಿಕೆ.

ಪಾತ್ರೆ ಸುಡುವ ಗೂಡೊಲೆಯ ಮುಂದೆ ಕೆಲಸ ಮಾಡುವ ರಾಗ್ನಿಗೆ ಚಾಲ್ತಿ ಅನುಪಾತ ಬಂತು: ನಾಳೆ ಬೆಳಿಗ್ಗೆಯೇ ಎಲ್ಲ ಬಿಲ್ಲುಗಳೂ ಬಾಗಿಲು ತಟ್ಟಿದರೆ ಕೈಯಲ್ಲಿರುವುದು ಸಾಲುತ್ತದೆಯೇ ಎನ್ನುವ ಲೆಕ್ಕ. ಮುಂದಿನ ವಾರ ಅವಳು ಬಂದು, "ಸಾಲಲ್ಲ. ನಮ್ಮ ಯಜಮಾನರ ದೋಣಿ ಮಾರಿದ್ರೆ ಸಾಲುತ್ತೆ, ಆದ್ರೆ ದೋಣಿ ಮಾರು ಅಂದ್ರೆ ನನ್ನನ್ನೇ ಮಾರ್ತಾರೆ" ಎಂದು ವರದಿ ಒಪ್ಪಿಸಿದಳು.

ಸಿವ್ ಎತ್ತಿದ ಚೀಟಿಯಲ್ಲಿ ದಾಸ್ತಾನಿನ ಲೆಕ್ಕವಿತ್ತು. ವರ್ಷಕ್ಕೆ ಖರ್ಚಾಗುವ ಮಾಲನ್ನು ಇಟ್ಟುಕೊಂಡ ಮಾಲಿನಿಂದ ಭಾಗಿಸಬೇಕು. ಗೋದಾಮು ವರ್ಷಕ್ಕೆ ಎಷ್ಟು ಸಲ ಖಾಲಿಯಾಗಿ ತುಂಬುತ್ತದೆ ಎಂದು ತಿಳಿಯುತ್ತದೆ. ಅವಳು ಶನಿವಾರ ಮಧ್ಯಾಹ್ನ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದಳು. ಅಲ್ಲಿದ್ದದ್ದು ಅತ್ತೆಯ ಕಾಡುಹಣ್ಣಿನ ಜಾಮು.

"ಅರವತ್ತನಾಲ್ಕು ಬಾಟಲಿ," ಎಂದು ಊಟದ ಹೊತ್ತಿಗೆ ಪ್ರಕಟಿಸಿದಳು. "ವರ್ಷಕ್ಕೆ ನಾವು ತಿನ್ನೋದು ಹದಿನಾರು. ಕಾಲು ಸಲ. ಅಂದ್ರೆ ಇವತ್ತಿಂದ ಕಾಯಿಸೋದು ನಿಲ್ಲಿಸಿದ್ರೂ ಖಾಲಿಯಾಗೋಕೆ ನಾಲ್ಕು ವರ್ಷ ಬೇಕು."

ಹಿಲ್ಡುರ್ ಚಮಚ ಕೆಳಗಿಟ್ಟಳು. "ನನ್ನ ನೆಲಮಾಳಿಗೆ ಹೊಕ್ಕು ಎಣಿಸಿದ್ಯಾ?"

"ಬಳಗದ ಕೆಲಸ, ಅತ್ತೆ."

"ನಾಲ್ಕು ವರ್ಷ! ನಾನು ಎಂಬತ್ತೆರಡಕ್ಕೆ ಹೋಗ್ತೀನಿ ಅಂತ ಬಳಗದಲ್ಲಿ ತೀರ್ಮಾನ ಆಯ್ತಾ?"

"ನಿಮ್ಮ ವಿಷಯ ಅಲ್ಲ, ಜಾಮಿನ ವಿಷಯ."

"ಯುದ್ಧ ಬಂದಾಗ ಬಾ. ಆಗ ಭಾಗಾಕಾರ ತಿಂತೀಯೋ ಜಾಮು ತಿಂತೀಯೋ ನೋಡೋಣ."

ಬೆರ್ಟಿಲ್ ಹೊಟ್ಟೆ ಹಿಡಿದು ನಕ್ಕ. ಮರೀಟಾ ಕೂಡಲೇ ಅವನ ಕಡೆ ತಿರುಗಿ, "ಅಪ್ಪ ಹೋದ ವರ್ಷ ತಟ್ಟೆ ತೊಳೆದದ್ದು ಎರಡು ಸಲ. ಒಂದು ಅಮ್ಮನ ಹುಟ್ಟಿದ ದಿನ, ಇನ್ನೊಂದು ಸಲ ತಪ್ಪಾಗಿ. ಈ ಆಸ್ತಿಯಿಂದ ಬರೋ ಲಾಭ ಎಷ್ಟಮ್ಮಾ?" ಎಂದಳು. ನಗು ಅಲ್ಲಿಗೇ ನಿಂತಿತು.

ಹಿಲ್ಡುರ್ ಆ ವಾರವೆಲ್ಲ ಕೋಪದಲ್ಲಿದ್ದಳು. ಕೋಪ ಅಂದರೆ ಪ್ರತಿ ಊಟಕ್ಕೂ, ಹೆರಿಂಗ್ ಮೀನಿಗೂ ಸಹ, ಜಾಮಿನ ಬಾಟಲಿ ತಂದು ಸಿವ್‌ಳ ತಟ್ಟೆಯ ಪಕ್ಕ ಟಣ್ಣೆಂದು ಇಡುತ್ತಿದ್ದಳು. "ತಿನ್ನು. ನಿನ್ನ ಅಂಕಿ ಸರಿಹೋಗಲಿ."

ಐದನೆಯ ಮಂಗಳವಾರ ಬಳಗ ಮನೆಯ ಲೆಕ್ಕ ಬಿಟ್ಟು ಕಂಪನಿಯ ವರದಿಗೆ ಕೈ ಹಾಕಿತು. ಒಟ್ಟು ಆಸ್ತಿ ಎರಡು ಕೋಟಿ ಕ್ರೋನಾ. ಸ್ವಂತ ಬಂಡವಾಳ ಇಪ್ಪತ್ತೆರಡು ಲಕ್ಷ. ಏಳು ಪೆನ್ಸಿಲ್ಲುಗಳು ಭಾಗಿಸಿದವು. ಏಳರಲ್ಲೂ ಹನ್ನೊಂದೇ ಬಂತು.

ಯಾರೂ ಬನ್ನು ಮುಟ್ಟಲಿಲ್ಲ. ಇಷ್ಟು ದಿನ ಯೋರಾನ್ ಸುಳ್ಳು ಹೇಳುತ್ತಿದ್ದಾನೆ ಎಂಬ ಧೈರ್ಯವಾದರೂ ಇತ್ತು.

"ನಿಜಾನೇ ಹೇಳಿದಾನಲ್ಲೇ," ಎಂದಳು ರಾಗ್ನಿ. ಅವಳ ಧ್ವನಿಯಲ್ಲಿ ಮೋಸಹೋದವಳ ನೋವಿತ್ತು.

ಎಲೋಫ್ ಎಲ್ಲರ ಲೋಟಕ್ಕೂ ಕಾಫಿ ಸುರಿದ. "ಒಂದು ಅನುಪಾತ ಅಂದ್ರೆ ಒಬ್ಬನೇ ಸಾಕ್ಷಿ. ಒಬ್ಬ ಸಾಕ್ಷಿ ಮೇಲೆ ಯಾವ ನ್ಯಾಯಾಧೀಶನೂ ತೀರ್ಪು ಕೊಡಲ್ಲ. ಉಳಿದವರನ್ನೂ ಕರೀರಿ. ಸಿವ್, ನಿನ್ನದು?"

ಸಿವ್ ಪುಟ ತಿರುಗಿಸಿದಳು. ವರ್ಷದಲ್ಲಿ ಮಾರಿದ ಮಾಲಿನ ಅಸಲು ಮೂರು ಕೋಟಿ. ದಾಸ್ತಾನು ಅರವತ್ತು ಲಕ್ಷ. "ಐದು," ಎಂದಳು. "ಗೋದಾಮು ವರ್ಷಕ್ಕೆ ಐದು ಸಲ ಖಾಲಿಯಾಗುತ್ತೆ."

"ಒಳ್ಳೇದೋ ಕೆಟ್ಟದ್ದೋ?"

"ಒಳ್ಳೇದೇ," ಎಂದ ಎಲೋಫ್, ಸ್ವಲ್ಪ ಹುಬ್ಬು ಗಂಟಿಕ್ಕಿ. "ನನ್ನ ಅಂಗಡೀಲೂ ಪಾತ್ರೆ ಇಡ್ತಿದ್ದೆ. ಐದು ಸಲ ಅಂದ್ರೆ ಬಹಳ ಒಳ್ಳೇದು. ಅತಿ ಒಳ್ಳೇದು. ಮನೇಲಿ ನಿನ್ನ ಮೇಸ್ತ್ರೀನ ಕೇಳಿ ನೋಡು."

ಗುರುವಾರ ಊರಿನ ಎಲ್ಲ ಮನೆಗಳಂತೆ ಆ ಮನೆಯಲ್ಲೂ ಬಟಾಣಿ ಸೂಪು, ಆಮೇಲೆ ಪ್ಯಾನ್‌ಕೇಕು. ಸಿವ್ ನೇರವಾಗಿ ಕೇಳಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಬೆರ್ಟಿಲನನ್ನು ನೇರವಾಗಿ ಕೇಳಿ ಉತ್ತರ ಪಡೆದವರಿಲ್ಲ.

"ಪಾಪ, ನಿನ್ನ ಗೋದಾಮು ಅರ್ಧ ಖಾಲಿಯಂತೆ," ಎಂದಳು ಸೂಪಿನ ಪಕ್ಕಕ್ಕೆ ಅರೆದ ಸಾಸಿವೆ ಬಡಿಸುತ್ತ.

"ಯಾರಂದ್ರು?"

"ವರದೀಲಿದೆ. ಅರವತ್ತು ಲಕ್ಷದ ಮಾಲು ಅಷ್ಟೇ. ವರ್ಷಕ್ಕೆ ಐದು ಸಲ ಗುಡಿಸಿ ಹಾಕ್ತಾರಂತೆ."

"ಐದು ಸಲ!" ಬೆರ್ಟಿಲನ ಗಂಟಲಲ್ಲಿ ಬಟಾಣಿ ಸಿಕ್ಕಿತು. "ಐದು ಸಲ ಖಾಲಿಯಾಗೋಕೆ ಅದೇನು ಹಾಲಿನ ಡಿಪೋನಾ? ಎರಡು ಸಲ ಆದ್ರೆ ಹೆಚ್ಚು!"

"ವರದಿ ಸುಳ್ಳು ಹೇಳುತ್ತಾ? ರುಜು ಇದೆ. ಮುದ್ರೆ ಇದೆ."

"ಮುದ್ರೆ ಹಾಕಿದವನು ಗೋದಾಮಿಗೆ ಕಾಲಿಟ್ಟಿದಾನಾ? ಜನವರೀಲಿ ಒಂಬತ್ತು ದಿನ ಮಂಡಿಯೂರಿ ಎಣಿಸಿದವನು ನಾನು. ಒಂದೊಂದು ಮುಚ್ಚಳಾನೂ ಎಣಿಸಿದೀನಿ. ಒಂದೂವರೆ ಕೋಟಿ ಮಾಲಿದೆ ಕಣೇ ಅಲ್ಲಿ! ಒಂದೂವರೆ ಕೋಟಿ!"

ಬೆರ್ಟಿಲ್ ತನ್ನ ಮಾತು ತಟ್ಟೆಯ ಮೇಲೆ ಬಿದ್ದಿದೆಯೋ ಎಂಬಂತೆ ಕೆಳಗೆ ನೋಡಿದ.

"ನಾನೇನೂ ಹೇಳಿಲ್ಲ," ಎಂದ.

"ಹೇಳಿದೆ," ಎಂದಳು ಹಿಲ್ಡುರ್. "ನನಗೆ ಎಡಗಿವಿ ಕೇಳಲ್ಲ. ಬಲಗಿವಿಗೆ ಸಾಕಷ್ಟು ಕೇಳಿಸ್ತು."

ಮರುದಿನ ಪಾಳಿ ಮುಗಿದ ಕೂಡಲೇ ಸಿವ್ ಸೈಕಲ್ಲು ತುಳಿದು ಎಲೋಫನ ಮನೆಗೆ ಹೋದಳು. ಅವನು ಕೇಳಿ, ಕನ್ನಡಕ ತೆಗೆದು, ತನ್ನ ಹಣೆ ತಾನೇ ಚಚ್ಚಿಕೊಂಡ. ಗೋದಾಮಿನ ಮಾಲು ನೂರಕ್ಕೆ ಅರವತ್ತರಷ್ಟು ಕಡಿಮೆ ಬೆಲೆಯದೆಂದು ಬರೆದುಕೊಳ್ಳಲು ದೇಶದ ತೆರಿಗೆ ಕಾನೂನೇ ಅನುಮತಿ ಕೊಟ್ಟಿತ್ತು. ಕಂಪನಿಗಳು ಕೆಟ್ಟ ಕಾಲಕ್ಕೆ ಕೂಡಿಟ್ಟುಕೊಳ್ಳಲಿ ಎಂಬ ಕರುಣೆ. ಒಂದೂವರೆ ಕೋಟಿಯ ಮಾಲು ಕಾಗದದ ಮೇಲೆ ಅರವತ್ತು ಲಕ್ಷವಾಗಿತ್ತು. ಕಳ್ಳತನವಾಗಿದ್ದರೆ ಪೊಲೀಸರನ್ನಾದರೂ ಕರೆಯಬಹುದಿತ್ತು. ಇದು ಕಾನೂನು. ಮಂಗಳವಾರ ಏಳು ಹೆಂಗಸರೂ ಆ ಅರವತ್ತು ಲಕ್ಷವನ್ನು ಅನುಮಾನಿಸಿರಲೇ ಇಲ್ಲ. ಅಚ್ಚಾದ ಕಾಗದ ಸುಳ್ಳು ಹೇಳುವುದಿಲ್ಲ ಎಂದು ಶಾಲೆಯ ಮೊದಲ ದಿನದಿಂದ ನಂಬಿ ಬೆಳೆದವರು. ಸ್ವಂತ ತೆರಿಗೆಯಲ್ಲಿ ಚಳಿಗಾಲದ ಬೂಟಿನ ಖರ್ಚು ಕಳೆಯಲೂ ಹೆದರುವವರು.

ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಿದರು. ಮುಚ್ಚಿಟ್ಟದ್ದು ತೊಂಬತ್ತು ಲಕ್ಷ. ಅದರಲ್ಲಿ ಅರ್ಧ ಮುಂದೆಂದೋ ತೆರಿಗೆಗೆ ಹೋಗುತ್ತದೆ ಎಂದುಕೊಂಡರೂ ಉಳಿದ ಅರ್ಧ ಕಂಪನಿಯ ಸ್ವಂತದ್ದು. ಎರಡು ಕೋಟಿ ತೊಂಬತ್ತು ಲಕ್ಷದ ಆಸ್ತಿಯಲ್ಲಿ ಸ್ವಂತದ್ದು ಅರವತ್ತೇಳು ಲಕ್ಷ: ನೂರಕ್ಕೆ ಹನ್ನೊಂದಲ್ಲ, ಇಪ್ಪತ್ತಮೂರು.

"ಇಪ್ಪತ್ತಮೂರು ಇರೋ ಕಂಪನಿ ನಲವತ್ತೊಂದು ಜನರನ್ನ ಬೀದಿಗೆ ಹಾಕುತ್ತಾ?" ಎಂದಳು ಸಿವ್.

"ಹಾಕುತ್ತೆ," ಎಂದ ಎಲೋಫ್. "ಆದ್ರೆ ಅಳುತ್ತಾ ಹಾಕೋಕಾಗಲ್ಲ."

ಆದರೆ ಈ ಅಂಕಿ ಎಲ್ಲಿಂದ ಬಂತೆಂದು ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ. ದಾಸ್ತಾನಿನ ಎಣಿಕೆ ಗೊತ್ತಿದ್ದದ್ದು ಕಚೇರಿಯ ಇಬ್ಬರಿಗೆ ಮತ್ತು ಒಬ್ಬ ಮೇಸ್ತ್ರಿಗೆ. ಮೇಸ್ತ್ರಿಯ ಹೆಂಡತಿ ಎದ್ದು ನಿಂತು ಒಂದೂವರೆ ಕೋಟಿ ಎಂದರೆ ಸಾಕು, ಮನೆಗೆ ಬರುವ ಎರಡನೆಯ ಸಂಬಳವೂ ಮೊದಲನೆಯದರ ಹಿಂದೆಯೇ ಹೋಗುತ್ತದೆ.

ಬೆರ್ಟಿಲನಿಗೂ ಇದು ಹೊಳೆಯದೆ ಇರಲಿಲ್ಲ. ಅವನು ಹೆಂಡತಿಯ ಜೊತೆ ಮಾತು ಬಿಟ್ಟ.

"ಅಮ್ಮಾ, ಬೆಣ್ಣೆ ಈ ಕಡೆ ಕೊಡೋಕೆ ಹೇಳು ಅವಳಿಗೆ."

"ಅತ್ತೆ, ಅವನಿಗೆ ಕೈ ಇದೆಯಾ ಕೇಳಿ."

"ಅಮ್ಮಾ, ಈ ಮನೇಲಿ ಮಾತಾಡಿದ್ರೆ ಲೆಕ್ಕಕ್ಕೆ ಬರುತ್ತೆ ಅಂತ ಹೇಳು."

"ನಾನೇನು ಟಪಾಲು ಕಚೇರೀನಾ?" ಎಂದು ಹಿಲ್ಡುರ್ ಬೆಣ್ಣೆಯನ್ನು ಇಬ್ಬರ ಮಧ್ಯೆ ಕುಕ್ಕಿ ಎದ್ದುಹೋದಳು. ಎದ್ದುಹೋಗುವಾಗ ಮೇಜಿನ ಮೂಲೆಯಲ್ಲಿದ್ದ ವಾರ್ಷಿಕ ವರದಿಯನ್ನೂ ಕಂಕುಳಲ್ಲಿ ಇರುಕಿಕೊಂಡಳು. ಒಲೆ ಹಚ್ಚಲು ಇರಬೇಕು ಎಂದುಕೊಂಡರು ಎಲ್ಲರೂ.

ಹನ್ನೆರಡು ದಿನ ಹೀಗೆ ನಡೆಯಿತು. ಬೆರ್ಟಿಲ್ ತನ್ನ ಅಂಗಿ ತಾನೇ ಒಗೆದು, ನೀಲಿ ಸಮವಸ್ತ್ರದ ಜೊತೆ ಬಿಳಿ ಒಳ ಅಂಗಿ ಹಾಕಿ, ಎಲ್ಲವನ್ನೂ ತಿಳಿನೀಲಿ ಮಾಡಿಕೊಂಡ. ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು.

ಮರೀಟಾಳಿಗೆ ಮಾತ್ರ ಹಬ್ಬ. "ನಮ್ಮ ತಂಡದ ಹತ್ರ ಅಚ್ಚಿನ ಯಂತ್ರ ಇದೆ. ನಾಳೆ ಬೆಳಿಗ್ಗೆ ಗೇಟಿನ ಮುಂದೆ ಐನೂರು ಕರಪತ್ರ. 'ತೊಂಬತ್ತು ಲಕ್ಷ ನುಂಗಿದವರು!'"

"ಕೈ ಹಾಕಿದ್ರೆ ಕೈ ಮುರೀತೀನಿ," ಎಂದಳು ಸಿವ್. "ನಿಮ್ಮಪ್ಪನ ಕೆಲಸ ಹೋಗುತ್ತೆ."

"ಚಳವಳಿ ಅಂದ್ಮೇಲೆ ಯಾರಾದ್ರೂ ಬಲಿ ಆಗಲೇಬೇಕಮ್ಮಾ."

"ಬೇರೆ ಕುರಿ ಹುಡುಕು. ಇವನಿಂದ ಇನ್ನೂ ಮನೆಗೆ ಬಣ್ಣ ಬಳಿಸೋದಿದೆ."

ದಾರಿ ಸಿಕ್ಕಿದ್ದು ಸಭೆಗೆ ಎರಡು ದಿನ ಮುಂಚೆ, ಕೊನೆಯ ಮಂಗಳವಾರ. ಸಿವ್ ಬಳಗದಲ್ಲಿ ಎದ್ದು ಹೇಳಿದಳು: "ಬೆರ್ಟಿಲನ ಅಂಕಿ ನಮಗೆ ಬೇಡ. ಅವರೇ ಅಚ್ಚು ಹಾಕಿಸಿದ ಅಂಕಿ ಸಾಕು, ಯೋರಾನ್ ಬಾಯಾರೆ ಹೇಳಿದ ಮಾತು ಸಾಕು. ಎರಡನ್ನೂ ಒಂದೇ ಬೆಂಚಿನ ಮೇಲೆ ಕೂರಿಸೋಣ." ಉಳಿದ ಆರು ಜನ ಅವಳಿಗೆ ಯೋರಾನ್ ಆಗಿ, ಕಚೇರಿಯ ಲೆಕ್ಕಿಗನಾಗಿ, ನಗುತ್ತ ದುಃಖ ಹೇಳುವವರಾಗಿ ಅಡ್ಡ ಪ್ರಶ್ನೆ ಹಾಕಿ ತಾಲೀಮು ಕೊಟ್ಟರು. ರಾಗ್ನಿಯ ಯೋರಾನ್ ಎಷ್ಟು ಚೆನ್ನಾಗಿತ್ತೆಂದರೆ ಎಲೋಫ್ ಮರೆತು ಅವಳಿಗೆ ಎದ್ದು ಕುರ್ಚಿ ಕೊಟ್ಟ.

ನವೆಂಬರ್ ಇಪ್ಪತ್ತೊಂದರ ಮಧ್ಯಾಹ್ನ ಊಟದ ಹಾಲ್ ತುಂಬಿತ್ತು. ನಲವತ್ತೊಂದು ಹೆಂಗಸರೂ ಮುಂದಿನ ಸಾಲುಗಳಲ್ಲಿ. ಗೋಡೆಗೆ ಒರಗಿ ಮೇಸ್ತ್ರಿಗಳು, ಅವರ ಮಧ್ಯೆ ತಿಳಿನೀಲಿ ಕಾಲರಿನ ಬೆರ್ಟಿಲ್. ಯೋರಾನ್ ಮತ್ತೆ ಹನ್ನೊಂದನ್ನು ಗೋಡೆಗೆ ಹಚ್ಚಿದ. ಆರು ತಿಂಗಳು ಕೊಳೆಯುವ ಪಾತ್ರೆಗಳ ಬಗ್ಗೆ ಮತ್ತೆ ಹೇಳಿದ. ಪ್ರಶ್ನೆಗಳಿವೆಯೇ ಎಂದ.

ಸಿವ್ ಎದ್ದಳು.

"ಯೋರಾನ್, ವರದಿಯ ಐದನೇ ಪುಟದಲ್ಲಿ ಮಾರಿದ ಮಾಲಿನ ಅಸಲು ಮೂರು ಕೋಟಿ ಅಂತಿದೆ. ಏಳನೇ ಪುಟದಲ್ಲಿ ದಾಸ್ತಾನು ಅರವತ್ತು ಲಕ್ಷ. ಭಾಗಿಸಿದ್ರೆ ಐದು. ಅಂದ್ರೆ ಪಾತ್ರೆ ಗೋದಾಮಲ್ಲಿ ಇರೋದು ಬರೀ ಹತ್ತು ವಾರ. ನೀನು ಆರು ತಿಂಗಳು ಅಂತೀಯ. ಯಾವುದನ್ನ ನಂಬಲಿ?"

"ಇದು ಸ್ವಲ್ಪ ತಾಂತ್ರಿಕ ವಿಷಯ, ಸಿವ್..."

"ಭಾಗಾಕಾರ. ಮೂರನೇ ಕ್ಲಾಸಿಂದು. ಹತ್ತು ವಾರ ನಿಜ ಆದ್ರೆ ನಮ್ಮ ಪಾತ್ರೆ ಬಿಸಿ ಬನ್ನಿನ ಹಾಗೆ ಹೋಗ್ತಿದೆ, ವಿಭಾಗ ಮುಚ್ಚೋದ್ಯಾಕೆ? ಆರು ತಿಂಗಳು ನಿಜ ಆದ್ರೆ ಗೋದಾಮಲ್ಲಿ ಅರವತ್ತು ಲಕ್ಷಕ್ಕಿಂತ ಜಾಸ್ತಿ ಮಾಲಿರಬೇಕು. ಅದು ವರದೀಲಿ ಯಾಕಿಲ್ಲ?"

ಕಚೇರಿಯ ಲೆಕ್ಕಿಗ ತನ್ನ ಬೂಟಿನ ದಾರದಲ್ಲಿ ಆಸಕ್ತಿ ತೋರಿಸಿದ. ಯೋರಾನನ ನಗು ಹಾಗೇ ಇತ್ತು, ಒಳಗೆ ಯಾರೂ ಇಲ್ಲದ ಮನೆಯ ದೀಪದಂತೆ.

"ಊಹೆ ಬೇಡ," ಎಂದ ಅವನು. "ಗೋದಾಮಿನ ಮೇಸ್ತ್ರಿ ಇಲ್ಲೇ ಇದಾನೆ. ಬೆರ್ಟಿಲ್, ಮಾಲು ವರ್ಷಕ್ಕೆ ಎಷ್ಟು ಸಲ ಖಾಲಿಯಾಗುತ್ತೆ, ಹೇಳಪ್ಪ. ಸುಮಾರು?"

ಬೆರ್ಟಿಲ್ ಗೋಡೆ ಬಿಟ್ಟು ನೆಟ್ಟಗೆ ನಿಂತ. ಹೆಂಡತಿಯ ಕಡೆ ನೋಡಲಿಲ್ಲ.

"ಎರಡು."

"ಸರಾಸರಿ ತೆಗೆದ್ರೆ ಅಂತ ನಾನು ಕೇಳಿದ್ದು..."

"ಎರಡು. ಕಾಫಿ ಹೂಜಿ ಮೂರು ಸಲ ಹೋಗುತ್ತೆ. ಹಸಿರು ಬಾಣಲೆ ಒಂದು ಸಲಾನೂ ಇಲ್ಲ. ಒಟ್ಟು ಎರಡು."

ನಲವತ್ತೊಂದು ಹೆಂಗಸರು ಒಟ್ಟಿಗೆ ಬಗ್ಗಿದರು. ಪೆನ್ಸಿಲ್ ಇದ್ದವರು ಲಕೋಟೆಯ ಹಿಂದೆ, ಇಲ್ಲದವರು ಅಂಗೈ ಮೇಲೆ ಬೆರಳಿನಿಂದ, ಮೂರು ಕೋಟಿಯನ್ನು ಎರಡರಿಂದ ಭಾಗಿಸಿದರು.

"ಒಂದೂವರೆ ಕೋಟಿ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. "ತೊಂಬತ್ತು ಲಕ್ಷ ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲ," ಎಂದ ಯೋರಾನ್. ಅವನ ನಗು ಕೊನೆಗೂ ಆರಿತು. "ಇದು ತೆರಿಗೆ ಕಾನೂನು ಒಪ್ಪಿದ ರೀತಿ. ಎಲ್ಲ ಕಂಪನಿಗಳೂ ಮಾಡ್ತವೆ."

ರಾಗ್ನಿ ಎದ್ದು ಸೊಂಟಕ್ಕೆ ಕೈಯಿಟ್ಟಳು. "ಮಾಡಲಿ. ತೆರಿಗೆಯವನ ಮುಂದೆ ಹರುಕು ಕೋಟು ಹಾಕ್ಕೋ, ಬೇಡ ಅನ್ನಲ್ಲ. ಅದೇ ಕೋಟು ಹಾಕ್ಕೊಂಡು ನಮ್ಮ ಮುಂದೆ ಬಂದು ಭಿಕ್ಷೆ ಕೇಳ್ತೀಯಲ್ಲ, ಅದು ಯಾವ ಕಾನೂನು?"

ಆಮೇಲೆ ಸಭೆ ನಡೆದದ್ದು ಒಂದು ಗಂಟೆ, ಮುಗಿದದ್ದು ಅಲ್ಲಿಗೇ. ಇಪ್ಪತ್ತಮೂರು ಎಂಬ ಅಂಕಿಯನ್ನು ಸಂಘದ ಅಧ್ಯಕ್ಷನೇ ಎದ್ದು ಗೋಡೆಯ ಮೇಲೆ, ಹನ್ನೊಂದರ ಪಕ್ಕ ಸೀಮೆಸುಣ್ಣದಲ್ಲಿ ಬರೆದ. ಎನಾಮಲ್ ವಿಭಾಗವನ್ನು ಎರಡು ವರ್ಷ ಮುಚ್ಚುವುದಿಲ್ಲ, ಇನ್ನು ಮುಂದೆ ವರದಿಯನ್ನು ಸಂಘದ ಓದುಗರ ಮುಂದೆ ಬಿಡಿಸಿ ಇಡುತ್ತೇವೆ ಎಂದು ಯೋರಾನ್ ಕಾಗದದ ಮೇಲೆ ರುಜು ಹಾಕಿದ. ಗೆದ್ದೆವು ಎಂದು ಹೆಂಗಸರು ಕುಣಿಯಲಿಲ್ಲ. ಎರಡು ವರ್ಷವನ್ನು ವಾರಕ್ಕೆ ಭಾಗಿಸುತ್ತ ಪಾಳಿಗೆ ಮರಳಿದರು.

ಸಂಜೆ ನಾಲ್ಕೂವರೆಗೆ ಗಂಡ ಹೆಂಡತಿ ಸೈಕಲ್ಲು ತಳ್ಳಿಕೊಂಡು ಸೇತುವೆ ದಾಟಿದರು. ಆಗಲೇ ಕತ್ತಲಾಗಿತ್ತು. ಸೇತುವೆಯ ನಡುವೆ ಬೆರ್ಟಿಲ್ ಹನ್ನೆರಡು ದಿನದ ಮೇಲೆ ಬಾಯಿ ಬಿಟ್ಟ.

"ಬೆಳಿಗ್ಗೆ ಕರೆಸಿದ್ದ ನನ್ನ. ಯಾರಾದ್ರೂ ಕೇಳಿದ್ರೆ ನಾಲ್ಕು ಅನ್ನು ಅಂದ. ನಾಲ್ಕು ಅಂದ್ರೆ ಬೇಸಿಗೆಗೆ ದೊಡ್ಡ ಮೇಸ್ತ್ರಿ ಮಾಡ್ತೀನಿ ಅಂದ."

"ಮತ್ತೆ ಯಾಕೆ ಅನ್ನಲಿಲ್ಲ?"

"ನಾಲ್ಕು ಅಂದ್ರೆ ಮಾಲು ಎಪ್ಪತ್ತೈದು ಲಕ್ಷ ಆಗುತ್ತೆ. ಇರೋದು ಒಂದೂವರೆ ಕೋಟಿ. ನಾಳೆ ಯಾರಾದ್ರೂ ಬಂದು ಎಣಿಸಿ ನೋಡಿದ್ರೆ? ಅಷ್ಟೂ ವರ್ಷ ಎಣಿಸಿದವನಿಗೆ ಎಣಿಸೋಕೇ ಬರ್ತಿರಲಿಲ್ಲ ಅಂತಾರೆ."

ಸಿವ್ ನಿಂತುಬಿಟ್ಟಳು. "ಎಪ್ಪತ್ತೈದು ಲಕ್ಷ ಅಂತ ನಿನಗೆ ಯಾರು ಹೇಳಿದ್ರು?"

ಬೆರ್ಟಿಲ್ ಹೊಳೆಯ ಕಡೆ ನೋಡಿದ. "ಅಮ್ಮ. ಹೋದ ವಾರ ಭಾಗಿಸೋದು ತೋರಿಸಿದ್ದಳು. ಇಡೀ ವರದಿ ಮುಗಿಸಿದಾಳೆ, ಈಗ ಹೋದ ವರ್ಷದ್ದು ಬೇಕಂತೆ. ಹೋಲಿಸಬೇಕಂತೆ."

ಸಿವ್ ಸೈಕಲ್ಲಿನ ಹಿಡಿಯ ಮೇಲೆ ತಲೆಯಿಟ್ಟು ನಕ್ಕಳು. ಸೇತುವೆಯ ಮೇಲೆ ಹೋಗುತ್ತಿದ್ದವರು ತಿರುಗಿ ನೋಡುವಷ್ಟು ನಕ್ಕಳು. ಬೆರ್ಟಿಲ್ ಕಾದ. ನಗು ನಿಂತ ಮೇಲೆ, ಯಾರದೋ ಪರವಾಗಿ ವಿಚಾರಿಸುವವನಂತೆ ಕೇಳಿದ:

"ಅಲ್ಲಾ, ಆ ನಿಮ್ಮ ಬಳಗಕ್ಕೆ ಮೇಸ್ತ್ರಿಗಳನ್ನ ಸೇರಿಸ್ಕೋತಾರಾ?"

"ಸೇರಿಸ್ಕೋತಾರೆ," ಎಂದಳು ಸಿವ್ ಕಣ್ಣೊರೆಸಿಕೊಂಡು. "ಮಂಗಳವಾರ ಆರೂವರೆಗೆ. ಆದ್ರೆ ಹೊಸಬರು ಮೊದಲ ತಿಂಗಳು ಲೋಟ ತೊಳೀಬೇಕು."

ಬೆರ್ಟಿಲ್ ಸೈಕಲ್ಲನ್ನು ಮತ್ತೆ ತಳ್ಳತೊಡಗಿದ.

"ಎಷ್ಟು ಲೋಟ?" ಎಂದ.